ಹೆಸರರಿಯದ ಅಂಗಕ್ಕೂ ಎಡೆಯುಂಟು

ಕೆಲಸವನ್ನು ಬಲ್ಲವರು ಇರುವುದು ಬೇರೆ, ಕೆಲಸವು ಕ್ರಮವಾಗಿ ನಡೆಯುವುದು ಬೇರೆ. ಮದುವೆಯ ಮನೆಯಲ್ಲಿ ಅಡಿಗೆಯವರು, ಚಪ್ಪರ ಹಾಕುವವರು, ವಾದ್ಯದವರು ಎಲ್ಲರೂ ತಮ್ಮ ತಮ್ಮ ವಿದ್ಯೆಯಲ್ಲಿ ನಿಪುಣರೇ ಆಗಿರಬಹುದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನೋಡಿಕೊಳ್ಳುವ ಯಜಮಾನನೊಬ್ಬನು ಇಲ್ಲದಿದ್ದರೆ ಎಲೆ ಹಾಕುವುದಕ್ಕೆ ಮೊದಲೇ ಸಾರು ಪಂಕ್ತಿಗೆ ಬಂದು ನಿಲ್ಲುತ್ತದೆ. ಗಣಕಯಂತ್ರದ ಪ್ರಪಂಚದಲ್ಲಿಯೂ ಇಂತಹ ಯಜಮಾನನೊಬ್ಬನುಂಟು. ಆತನನ್ನು ಬಿಲ್ಡ್ ಟೂಲ್ ಎನ್ನುತ್ತಾರೆ. ನಾವು ಕನ್ನಡದಲ್ಲಿ ಅದನ್ನು ನಿರ್ಮಾಣ ಸಾಧನವೆಂದು ಕರೆಯೋಣ.

ಇಂತಹ ಸಾಧನಗಳಲ್ಲಿ ಒಂದಾದ ಆಂಟ್ ಎಂಬುದನ್ನೂ, ಅದರಲ್ಲಿರುವ ಒಂದು ಸೂಕ್ಷ್ಮವಾದ ಏರ್ಪಾಡನ್ನೂ ನಮ್ಮ ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ. ಸಾಧನವನ್ನು ರಚಿಸಿದವನಿಗೆ ಹೆಸರು ಕೂಡ ತಿಳಿಯದ ಒಂದು ಅಂಗವು ಮುಂದೊಂದು ದಿನ ಬಂದರೆ, ಅದಕ್ಕೆ ಸ್ಥಳ ಕೊಡುವುದು ಹೇಗೆ ಎಂಬುದೇ ಆ ಏರ್ಪಾಡು. ವಿಷಯವು ಯಂತ್ರದ್ದಾದರೂ ಅದರಲ್ಲಿರುವ ವಿವೇಕವು ಮನುಷ್ಯರ ವ್ಯವಹಾರಕ್ಕೂ ಸಲ್ಲತಕ್ಕದ್ದು. ಆದುದರಿಂದ ತಂದೆತಾಯಿಯರೂ ಇದನ್ನು ಓದಬೇಕೆಂದು ನಮ್ಮ ಅಪೇಕ್ಷೆ.

ನಿರ್ಮಾಣ ಸಾಧನದ ಅವಶ್ಯಕತೆ

ಒಂದು ದೊಡ್ಡ ಪ್ರೋಗ್ರಾಮ್ ಎಂದರೆ ಒಂದೇ ಕಡತವಲ್ಲ. ಅದು ನೂರಾರು, ಕೆಲವೊಮ್ಮೆ ಸಾವಿರಾರು ಕಡತಗಳ ಸಮೂಹ. ಮನುಷ್ಯನು ಬರೆದ ಆ ಕಡತಗಳನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಪರಿವರ್ತಿಸಬೇಕು; ಚಿತ್ರಗಳನ್ನೂ ಪಟ್ಟಿಗಳನ್ನೂ ತಕ್ಕ ಸ್ಥಳಕ್ಕೆ ನಕಲು ಮಾಡಬೇಕು; ಪರೀಕ್ಷೆಗಳನ್ನು ನಡೆಸಬೇಕು; ಕೊನೆಗೆ ಎಲ್ಲವನ್ನೂ ಒಂದು ಗಂಟಾಗಿ ಕಟ್ಟಬೇಕು. ಇವುಗಳಲ್ಲಿ ಒಂದು ಹೆಜ್ಜೆ ಮರೆತರೂ, ಎರಡು ಹೆಜ್ಜೆಗಳು ಹಿಂದುಮುಂದಾದರೂ ಮಾಡಿದ್ದೆಲ್ಲ ವ್ಯರ್ಥ.

ಈ ತೊಂದರೆಯನ್ನು ಮನಗಂಡು 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಸ್ಟೂಅರ್ಟ್ ಫೆಲ್ಡ್‌ಮನ್ ಎಂಬವರು ಮೇಕ್ ಎಂಬ ಸಾಧನವನ್ನು ರಚಿಸಿದರು. ಯಾವ ಕಡತವು ಯಾವುದನ್ನು ಅವಲಂಬಿಸಿದೆ ಎಂದು ಒಮ್ಮೆ ಬರೆದಿಟ್ಟರೆ ಸಾಕು, ಬದಲಾದ ಭಾಗವನ್ನು ಮಾತ್ರ ಅದು ಪುನಃ ನಿರ್ಮಿಸುತ್ತದೆ. ಈ ಕಾರ್ಯಕ್ಕಾಗಿ ಅವರಿಗೆ 2003ನೆಯ ವರ್ಷದ ಎ.ಸಿ.ಎಂ. ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿಯು ದೊರೆಯಿತು. ಆದರೆ ಮೇಕ್‌ನಲ್ಲಿ ಒಂದು ತೊಡಕಿತ್ತು. ಅದರ ಆಜ್ಞೆಯ ಸಾಲುಗಳು ಟ್ಯಾಬ್ ಎಂಬ ಗುರುತಿನಿಂದಲೇ ಆರಂಭವಾಗಬೇಕು. ಅದರ ಬದಲಾಗಿ ಸಾಮಾನ್ಯವಾದ ತೆರವು ಬಿದ್ದರೆ ಕೆಲಸ ಕೆಡುತ್ತದೆ. ಎರಡೂ ಕಣ್ಣಿಗೆ ಒಂದೇ ರೀತಿ ಕಾಣುವುದರಿಂದ ದೋಷವೆಲ್ಲಿದೆಯೆಂದು ಹುಡುಕುವವರು ಸಾಕುಬೇಕಾಗುತ್ತಿದ್ದರು.

ಈ ತೊಡಕಿನಿಂದ ಬೇಸತ್ತವರಲ್ಲಿ ಜೇಮ್ಸ್ ಡಂಕನ್ ಡೇವಿಡ್‌ಸನ್ ಒಬ್ಬರು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದಾಗ ಟಾಮ್‌ಕ್ಯಾಟ್ ಎಂಬ ಪ್ರೋಗ್ರಾಮನ್ನು ನಿರ್ಮಿಸುವ ಸಲುವಾಗಿ ಅವರು ಜಾವಾ ಭಾಷೆಯಲ್ಲಿ ಒಂದು ಹೊಸ ಸಾಧನವನ್ನು ಬರೆದರು. ಅದೇ ಆಂಟ್. 2000ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಅದು ಸ್ವತಂತ್ರವಾಗಿ ಬಿಡುಗಡೆಯಾಯಿತು. ಮತ್ತೊಂದು ಸೊಗಸಾದ ಸಾಧನ ಎಂಬ ಅರ್ಥದ ಮೂರು ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ಈ ಹೆಸರು ಹುಟ್ಟಿತೆಂದು ಅದರ ಕರ್ತೃವೇ ಹೇಳಿದ್ದಾರೆ. ಆಂಟ್ ಎಂದರೆ ಇರುವೆ ಎಂದೂ ಅರ್ಥವಾಗುವುದರಿಂದ, ಚಿಕ್ಕ ಜೀವಿಯಾದರೂ ದೊಡ್ಡ ಗೂಡನ್ನು ಕಟ್ಟುವುದೆಂಬ ವ್ಯಾಖ್ಯಾನವೂ ಅನಂತರ ಸೇರಿಕೊಂಡಿತು. ಮುಂದೆ ಮೇವನ್, ಗ್ರೇಡಲ್ ಮೊದಲಾದ ಸಾಧನಗಳು ಬಂದು ಪ್ರಸಿದ್ಧವಾಗಿದ್ದರೂ, ನಾವು ಹೇಳಹೊರಟ ತತ್ತ್ವವು ಆಂಟ್‌ನಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಡೆ ಕಾಣುವುದು ಕಷ್ಟ.

ಡಬ್ಬಿಯೊಳಗೊಂದು ಡಬ್ಬಿ

ಆಂಟ್‌ಗೆ ಕೊಡತಕ್ಕ ಅಪ್ಪಣೆಗಳನ್ನು ಎಕ್ಸ್.ಎಂ.ಎಲ್. ಎಂಬ ಲಿಪಿಕ್ರಮದಲ್ಲಿ ಬರೆಯುತ್ತಾರೆ. 1998ರಲ್ಲಿ ಅಂಗೀಕೃತವಾದ ಈ ಕ್ರಮದಲ್ಲಿ ಪ್ರತಿಯೊಂದು ಅಂಗಕ್ಕೂ ಒಂದು ಹೆಸರುಂಟು, ಆರಂಭದ ಗುರುತುಂಟು, ಮುಕ್ತಾಯದ ಗುರುತುಂಟು. ಇವೆರಡರ ನಡುವೆ ಬೇರೆ ಅಂಗಗಳನ್ನು ಇಡಬಹುದು. ಅಡಿಗೆಮನೆಯ ಸಾಂಬಾರದ ಡಬ್ಬಿಯನ್ನು ನೆನೆಯಿರಿ: ದೊಡ್ಡ ಡಬ್ಬಿಯ ಒಳಗೆ ಸಾಸಿವೆಗೊಂದು, ಜೀರಿಗೆಗೊಂದು, ಮೆಂತ್ಯಕ್ಕೊಂದು ಬಟ್ಟಲು. ಹೀಗೆ ಒಂದರ ಒಳಗೆ ಇರುವ ಅಂಗವನ್ನು ನೆಸ್ಟೆಡ್ ಎಲಿಮೆಂಟ್ ಎನ್ನುತ್ತಾರೆ, ನಾವು ಒಳಅಂಗವೆನ್ನೋಣ. ಅಂಗದ ಆರಂಭದ ಗುರುತಿನಲ್ಲಿಯೇ ಬರೆಯುವ ವಿವರಗಳಿಗೆ ಆಟ್ರಿಬ್ಯೂಟ್ ಅಥವಾ ಗುಣ ಎಂದು ಹೆಸರು.

ಆಂಟ್‌ನ ಕಡತದಲ್ಲಿ ಎಲ್ಲಕ್ಕೂ ಹೊರಗಿನದು ಪ್ರಾಜೆಕ್ಟ್, ಅದರೊಳಗೆ ಟಾರ್ಗೆಟ್ ಎಂಬ ಗುರಿಗಳು, ಗುರಿಯೊಳಗೆ ಟಾಸ್ಕ್ ಎಂಬ ಕಾರ್ಯಗಳು. ನಕಲು ಮಾಡುವುದು ಒಂದು ಕಾರ್ಯ. ಯಾವ ಕಡತಗಳನ್ನು ನಕಲು ಮಾಡಬೇಕೆಂದು ತಿಳಿಸಲು ಅದರೊಳಗೆ ಫೈಲ್‌ಸೆಟ್ ಎಂಬ ಒಳಅಂಗ. ಅದರೊಳಗೆ ಪುನಃ ಇಂತಹವನ್ನು ಸೇರಿಸು, ಇಂತಹವನ್ನು ಬಿಡು ಎಂಬ ಅಂಗಗಳು. ಆಂಟ್‌ನೊಡನೆಯೇ ಬರುವ ಕಾರ್ಯಗಳು ಅನೇಕವಿದ್ದರೂ, ನಮಗೆ ಬೇಕಾದ ಹೊಸ ಕಾರ್ಯವನ್ನು ನಾವೇ ಜಾವಾ ಭಾಷೆಯಲ್ಲಿ ಬರೆದು ಸೇರಿಸುವ ಸ್ವಾತಂತ್ರ್ಯವೂ ಉಂಟು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಶಾಲೆಯ ವಾರ್ಷಿಕ ಸಂಚಿಕೆಯ ಬರಹಗಳನ್ನೆಲ್ಲ ಒಟ್ಟುಗೂಡಿಸಿ, ವಿಭಾಗಗಳಾಗಿ ವಿಂಗಡಿಸಿ, ಅಚ್ಚಿಗೆ ಸಿದ್ಧವಾದ ಒಂದು ಕಡತವನ್ನಾಗಿ ಮಾಡುವ ಕಾರ್ಯವೊಂದನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ರಚಿಸಿದನೆಂದು ಭಾವಿಸಿರಿ. ಅದರ ಹೆಸರು ಸಂಚಿಕೆ. ಅದನ್ನು ಉಪಯೋಗಿಸುವವರು ಹೀಗೆ ಬರೆಯಬೇಕೆಂದು ಅವನ ಆಶಯ:

<ಸಂಚಿಕೆ ವರ್ಷ="2025">
  <ಲೇಖನ ಕಡತ="ಇರುವೆಯ ಗೂಡು"/>
  <ಕವನ ಕಡತ="ಮಳೆಗಾಲ"/>
  <ನಾಟಕ ಕಡತ="ಏಕಲವ್ಯ">
    <ಪಾತ್ರವರ್ಗ ಕಡತ="ಪಾತ್ರಗಳ ಪಟ್ಟಿ"/>
  </ನಾಟಕ>
</ಸಂಚಿಕೆ>

ಇಲ್ಲಿ ಸಂಚಿಕೆ ಎಂಬುದು ಹೊರಗಿನ ಡಬ್ಬಿ. ಲೇಖನ, ಕವನ, ನಾಟಕ ಎಂಬವು ಒಳಅಂಗಗಳು. ವರ್ಷ, ಕಡತ ಎಂಬವು ಗುಣಗಳು.

ಹೆಸರು ಗೊತ್ತಿರುವ ಅಂಗಗಳ ಸ್ವಾಗತ

ಸಂಚಿಕೆ ಎಂಬ ಕಾರ್ಯದೊಳಗೆ ಕವನ ಎಂಬ ಅಂಗವನ್ನು ಇಡಬಹುದೇ, ಬಾರದೇ ಎಂಬುದು ಆಂಟ್‌ಗೆ ಹೇಗೆ ತಿಳಿಯುತ್ತದೆ? ಅದು ಕಾರ್ಯವನ್ನು ವರ್ಣಿಸುವ ಜಾವಾ ಕ್ಲಾಸನ್ನು ಪರೀಕ್ಷಿಸಿ, ಅದರಲ್ಲಿರುವ ಮೆಥಡ್‌ಗಳ ಹೆಸರುಗಳನ್ನು ಓದಿಕೊಳ್ಳುತ್ತದೆ. ಇಲ್ಲಿ ಕ್ಲಾಸ್ ಎಂದರೆ ತರಗತಿಯಲ್ಲ. ಒಂದು ಬಗೆಯ ವಸ್ತುಗಳೆಲ್ಲಕ್ಕೂ ಸಲ್ಲುವ ಅಚ್ಚು. ಮೆಥಡ್ ಎಂದರೆ ಆ ವಸ್ತುವು ಮಾಡಬಲ್ಲ ಒಂದು ಕೆಲಸ. ಸೆಟ್ ಎಂದು ಆರಂಭವಾಗುವ ಮೆಥಡ್ ಇದ್ದರೆ ಅದು ಗುಣವನ್ನು ಸ್ವೀಕರಿಸುವುದಕ್ಕೆ. ಒಳಅಂಗಗಳಿಗಾಗಿ ಮೂರು ಬಗೆಯ ಮೆಥಡ್‌ಗಳುಂಟು: ಕ್ರಿಯೇಟ್, ಆಡ್, ಆಡ್ ಕಾನ್ಫಿಗರ್ಡ್. ಈ ಮಾತಿನ ಮುಂದೆ ಅಂಗದ ಹೆಸರನ್ನು ಜೋಡಿಸಿ ಮೆಥಡಿಗೆ ಹೆಸರಿಡಬೇಕು.

ಮೂರಕ್ಕೂ ಇರುವ ವ್ಯತ್ಯಾಸವನ್ನು ಶಾಲೆಯ ಪ್ರವೇಶಪತ್ರದ ದೃಷ್ಟಾಂತದಿಂದ ತಿಳಿಯಬಹುದು. ಕ್ರಿಯೇಟ್ ಎಂಬ ಬಗೆಯಲ್ಲಿ ಕಾರ್ಯವೇ ತನ್ನಲ್ಲಿರುವ ಖಾಲಿ ಪತ್ರವನ್ನು ತೆಗೆದು ಆಂಟ್‌ಗೆ ಕೊಡುತ್ತದೆ. ಆಂಟ್ ಅದನ್ನು ತುಂಬುತ್ತದೆ. ಆಡ್ ಎಂಬ ಬಗೆಯಲ್ಲಿ ಆಂಟ್ ತಾನೇ ಖಾಲಿ ಪತ್ರವನ್ನು ತಂದು ಕಾರ್ಯಕ್ಕೆ ಒಪ್ಪಿಸಿ, ತರುವಾಯ ತುಂಬುತ್ತದೆ. ಆಡ್ ಕಾನ್ಫಿಗರ್ಡ್ ಎಂಬ ಬಗೆಯಲ್ಲಿ ಪತ್ರವನ್ನು ಪೂರ್ಣವಾಗಿ ತುಂಬಿದ ಮೇಲೆಯೇ ಕಾರ್ಯದ ಕೈಗೆ ಕೊಡುತ್ತದೆ. ಪತ್ರವು ಕೈಗೆ ಬಂದೊಡನೆ ಅದರಲ್ಲಿರುವ ವಿವರವನ್ನು ನೋಡಬೇಕಾಗಿದ್ದರೆ ಮೂರನೆಯ ಬಗೆಯೇ ಯೋಗ್ಯವಾದುದು.

ಈ ಪದ್ಧತಿಯ ದೊಡ್ಡ ಗುಣವೆಂದರೆ ಅದರ ಕಟ್ಟುನಿಟ್ಟು. ಕ್ಲಾಸಿನಲ್ಲಿ ಇಲ್ಲದ ಹೆಸರನ್ನು ಯಾರಾದರೂ ಬರೆದರೆ ಆಂಟ್ ಕೆಲಸವನ್ನು ಅಲ್ಲಿಯೇ ನಿಲ್ಲಿಸುತ್ತದೆ. ಯಾವ ಕಡತದ ಎಷ್ಟನೆಯ ಸಾಲಿನಲ್ಲಿ ದೋಷವಿದೆ, ಯಾವ ಅಂಗವು ಸಲ್ಲದು ಎಂಬುದನ್ನೂ ತಿಳಿಸುತ್ತದೆ. ಕವನ ಎಂದು ಬರೆಯಬೇಕಾದಲ್ಲಿ ಕವಾನ ಎಂದು ಬರೆದವನು ಒಡನೆಯೇ ತಿದ್ದಿಕೊಳ್ಳಬಹುದು.

ಷರಾ ಎಂಬ ಕಾಲಮು

ಆದರೆ ಕಟ್ಟುನಿಟ್ಟೇ ಒಂದು ದಿನ ತೊಡಕಾಗುತ್ತದೆ. ವಿದ್ಯಾರ್ಥಿಯು ಕಾರ್ಯವನ್ನು ರಚಿಸಿದ ವರ್ಷ ಸಂಚಿಕೆಯಲ್ಲಿ ಲೇಖನ, ಕವನ, ನಾಟಕ ಎಂಬ ಮೂರೇ ವಿಭಾಗಗಳಿದ್ದುವು. ಮರುವರ್ಷ ಒಗಟುಗಳು ಬಂದುವು. ಅದರ ಮುಂದಿನ ವರ್ಷ ತುಳು ಪಾಡ್ದನಗಳ ಸಂಗ್ರಹವೊಂದು ಬಂದಿತು. ಅಷ್ಟರಲ್ಲಿ ಕಾರ್ಯವನ್ನು ಬರೆದವನು ಕಾಲೇಜು ಸೇರಿ ದೂರದ ಊರಿನಲ್ಲಿದ್ದಾನೆ. ಪ್ರತಿಯೊಂದು ಹೊಸ ವಿಭಾಗಕ್ಕೂ ಕ್ಲಾಸನ್ನು ತೆರೆದು ಒಂದು ಮೆಥಡನ್ನು ಸೇರಿಸುವವರು ಯಾರು?

ನಮ್ಮ ಶಾಲಾ ದಾಖಲೆ ಪುಸ್ತಕಗಳನ್ನು ನೋಡಿದವರಿಗೆ ಇದಕ್ಕೊಂದು ಹಳೆಯ ಪರಿಹಾರವು ತಿಳಿದಿರುತ್ತದೆ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ಸೇರಿದ ದಿನಾಂಕ ಎಂದು ಅಚ್ಚಾದ ಕಾಲಮುಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಷರಾ ಎಂಬ ಒಂದು ಕಾಲಮು ಇರುತ್ತದೆ. ಪುಸ್ತಕವನ್ನು ಅಚ್ಚುಮಾಡಿಸಿದವನು ಊಹಿಸಲಾರದ ಸಂಗತಿಗೆ ಅಲ್ಲಿ ಸ್ಥಳವುಂಟು. ತನಗೆ ತಿಳಿಯದ ಸಂಗತಿಗಳೂ ಲೋಕದಲ್ಲಿ ಇವೆಯೆಂದು ಒಪ್ಪಿಕೊಂಡ ವಿವೇಕಿಯೇ ಷರಾ ಕಾಲಮನ್ನು ಮೊದಲು ಗೆರೆ ಎಳೆದಿರಬೇಕು.

ಆಂಟ್‌ನಲ್ಲಿ ಇಂತಹ ಏರ್ಪಾಡು 2002ರಲ್ಲಿ ಬಿಡುಗಡೆಯಾದ 1.5ನೆಯ ಆವೃತ್ತಿಯಲ್ಲಿ ಬಂದಿತು. ಡೈನಮಿಕ್ ಕಾನ್ಫಿಗರೇಟರ್ ಎಂಬುದು ಅದರ ಹೆಸರು. ಇದು ಜಾವಾದಲ್ಲಿ ಇಂಟರ್‌ಫೇಸ್ ಎನಿಸಿಕೊಳ್ಳುವ ಒಂದು ಒಡಂಬಡಿಕೆ. ಇದಕ್ಕೆ ಒಪ್ಪಿದ ಕ್ಲಾಸು ಎರಡು ಮೆಥಡ್‌ಗಳನ್ನು ಒದಗಿಸಬೇಕು. ಹೆಸರರಿಯದ ಒಳಅಂಗವು ಬಂದಾಗ ಆಂಟ್ ಕರೆಯುವುದು ಕ್ರಿಯೇಟ್ ಡೈನಮಿಕ್ ಎಲಿಮೆಂಟ್ ಎಂಬುದನ್ನು. ಹೆಸರರಿಯದ ಗುಣವು ಬಂದಾಗ ಕರೆಯುವುದು ಸೆಟ್ ಡೈನಮಿಕ್ ಆಟ್ರಿಬ್ಯೂಟ್ ಎಂಬುದನ್ನು. ಒಳಅಂಗಗಳಿಗೆ ಮಾತ್ರ ಬಾಗಿಲು ತೆರೆಯಬೇಕೆಂದಿದ್ದರೆ ಡೈನಮಿಕ್ ಎಲಿಮೆಂಟ್ ಎಂಬ ಒಡಂಬಡಿಕೆಯೊಂದೇ ಸಾಕು.

ಬಾಗಿಲಲ್ಲಿ ನಡೆಯುವುದೇನು?

ಕಡತದಲ್ಲಿ ಒಗಟು ಎಂಬ ಹೊಸ ಅಂಗವು ಬಂದಿತೆನ್ನೋಣ. ಆಂಟ್ ಮೊದಲು ಕ್ಲಾಸಿನಲ್ಲಿ ಆ ಹೆಸರಿನ ಕ್ರಿಯೇಟ್ ಅಥವಾ ಆಡ್ ಮೆಥಡು ಇದೆಯೇ ಎಂದು ಹುಡುಕುತ್ತದೆ. ಇಲ್ಲದಿದ್ದರೆ, ಆ ಹೆಸರಿನಲ್ಲಿ ಮೊದಲೇ ನೋಂದಾಯಿಸಲ್ಪಟ್ಟ ವಸ್ತುವೊಂದಿದ್ದು, ಅಂತಹ ಜಾತಿಯ ವಸ್ತುವನ್ನು ಸ್ವೀಕರಿಸುವುದಾಗಿ ಕಾರ್ಯವು ಹೇಳಿಕೊಂಡಿದೆಯೇ ಎಂದು ವಿಚಾರಿಸುತ್ತದೆ. ಅದೂ ಇಲ್ಲದಿದ್ದಾಗ ಮಾತ್ರ ಕ್ರಿಯೇಟ್ ಡೈನಮಿಕ್ ಎಲಿಮೆಂಟನ್ನು ಕರೆದು, ಒಗಟು ಎಂಬ ಹೆಸರಿನವನೊಬ್ಬನು ಬಂದಿದ್ದಾನೆ, ಏನು ಮಾಡಲಿ ಎಂದು ಕೇಳುತ್ತದೆ. ಗೊತ್ತಿರುವ ನೆಂಟರಿಗೆ ಮೊದಲು ಮಣೆ. ಅಪರಿಚಿತನ ವಿಚಾರ ಆಮೇಲೆ.

ಕಾರ್ಯವು ಆಗ ಎರಡರಲ್ಲಿ ಒಂದನ್ನು ಮಾಡಬಹುದು. ಅಂಗವನ್ನು ಒಪ್ಪುವುದಾದರೆ ಒಂದು ಹೊಸ ವಸ್ತುವನ್ನು ರಚಿಸಿ, ಒಗಟು ಎಂಬ ಹೆಸರನ್ನು ಅದರಲ್ಲಿ ಬರೆದು, ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡು, ಆಂಟ್‌ಗೆ ಹಿಂದಿರುಗಿಸುತ್ತದೆ. ಒಪ್ಪದಿದ್ದರೆ ಶೂನ್ಯವನ್ನು ಹಿಂದಿರುಗಿಸುತ್ತದೆ. ಆಗ ಆಂಟ್ ಎಂದಿನಂತೆ ಈ ಅಂಗವು ಸಲ್ಲದೆಂದು ಹೇಳಿ ಕೆಲಸವನ್ನು ನಿಲ್ಲಿಸುತ್ತದೆ. ಕಾರಣವನ್ನು ನಮ್ಮದೇ ಮಾತುಗಳಲ್ಲಿ ತಿಳಿಸಬೇಕೆಂದರೆ ಬಿಲ್ಡ್ ಎಕ್ಸೆಪ್ಶನ್ ಎಂಬ ದೋಷಸೂಚನೆಯನ್ನು ಎಸೆಯಬಹುದು.

ಹಿಂದಿರುಗಿಸಿದ ವಸ್ತುವಿಗೆ ಮುಂದೇನಾಗುತ್ತದೆ? ಆಂಟ್ ಅದನ್ನೂ ಇತರ ಅಂಗಗಳಂತೆಯೇ ನಡೆಸಿಕೊಳ್ಳುತ್ತದೆ. ಅದರ ಕ್ಲಾಸಿನಲ್ಲಿ ಕಡತ ಎಂಬ ಗುಣಕ್ಕೆ ಸೆಟ್ ಮೆಥಡು ಇದ್ದರೆ ಗುಣವನ್ನು ತುಂಬುತ್ತದೆ. ಆಡ್ ಟೆಕ್ಸ್ಟ್ ಎಂಬ ಮೆಥಡು ಇದ್ದರೆ ನಡುವಿನ ಬರಹವನ್ನು ಒಪ್ಪಿಸುತ್ತದೆ. ಮುಖ್ಯವಾದ ಮಾತೆಂದರೆ, ಆ ವಸ್ತುವಿನ ಕ್ಲಾಸೂ ಅದೇ ಒಡಂಬಡಿಕೆಗೆ ಒಳಪಟ್ಟಿದ್ದರೆ ಅದರೊಳಗೂ ಹೆಸರರಿಯದ ಅಂಗಗಳನ್ನು ಇಡಬಹುದು. ನಾಟಕದೊಳಗೆ ಪಾತ್ರವರ್ಗ, ಪಾತ್ರವರ್ಗದೊಳಗೆ ಮತ್ತೊಂದು, ಹೀಗೆ ಎಷ್ಟು ಆಳಕ್ಕಾದರೂ ಹೋಗಬಹುದು. ಒಂದೇ ಒಂದು ಚಿಕ್ಕ ಕ್ಲಾಸು ತನ್ನಂತಹದೇ ಮಕ್ಕಳನ್ನು ಹುಟ್ಟಿಸುತ್ತ ಇಡೀ ವಂಶವೃಕ್ಷವನ್ನು ಬೆಳೆಸುತ್ತದೆ.

ಹೊಸದಾಗಿ ಬರೆಯುವವರು ಎಡವುವ ಸ್ಥಳವೊಂದನ್ನು ಇಲ್ಲಿ ತಿಳಿಸಬೇಕು. ಕ್ರಿಯೇಟ್ ಡೈನಮಿಕ್ ಎಲಿಮೆಂಟನ್ನು ಆಂಟ್ ಕರೆಯುವ ಸಮಯದಲ್ಲಿ ಬಂದ ಅಂಗದ ಹೆಸರು ಮಾತ್ರ ತಿಳಿದಿರುತ್ತದೆ. ಅದರ ಗುಣಗಳು ಇನ್ನೂ ತುಂಬಿರುವುದಿಲ್ಲ. ಇಷ್ಟೇ ಅಲ್ಲ, ಹೊರಗಿನ ಕಾರ್ಯದ ಗುಣಗಳು ಕೂಡ ಆಗ ತುಂಬಿರುವುದಿಲ್ಲ. ಆಂಟ್‌ನ ಕ್ರಮವೇ ಹಾಗೆ: ಮೊದಲು ಕಾರ್ಯದ ವಸ್ತು ಹುಟ್ಟುತ್ತದೆ, ಅನಂತರ ಒಳಅಂಗಗಳು ಹುಟ್ಟುತ್ತವೆ, ಅನಂತರ ಕಾರ್ಯದ ಗುಣಗಳು, ತರುವಾಯ ಒಳಅಂಗಗಳ ಗುಣಗಳು, ಎಲ್ಲಕ್ಕೂ ಕೊನೆಗೆ ಎಕ್ಸಿಕ್ಯೂಟ್ ಎಂಬ ಮೆಥಡಿನಿಂದ ನಿಜವಾದ ಕೆಲಸ. ಆದುದರಿಂದ ಬಾಗಿಲಲ್ಲಿ ಹೆಸರನ್ನು ಕೇಳಿ ಪಟ್ಟಿಯಲ್ಲಿ ಬರೆದುಕೊಳ್ಳುವುದಷ್ಟೇ ಸಾಧ್ಯ. ವಿವರಗಳ ಪರೀಕ್ಷೆಯನ್ನು ಎಕ್ಸಿಕ್ಯೂಟ್‌ನ ಆರಂಭದಲ್ಲಿ ಮಾಡತಕ್ಕದ್ದು. ಪ್ರವೇಶಪತ್ರವನ್ನು ಇನ್ನೂ ಬರೆಯದ ಬಾಲಕನನ್ನು ನಿನ್ನ ಅಂಕಗಳೆಷ್ಟು ಎಂದು ದ್ವಾರಪಾಲಕನು ಗದರಿಸುವುದು ನ್ಯಾಯವಲ್ಲವಷ್ಟೆ.

ತೆರೆದ ಬಾಗಿಲಿನ ಅಪಾಯ

ಇಷ್ಟನ್ನು ಓದಿದವರಿಗೆ, ಹಾಗಾದರೆ ಎಲ್ಲ ಕಾರ್ಯಗಳಲ್ಲಿಯೂ ಈ ಬಾಗಿಲನ್ನೇ ಇಟ್ಟುಬಿಡಬಹುದಲ್ಲ ಎಂದು ತೋರಬಹುದು. ಹಾಗೆ ಮಾಡಬಾರದು. ತೆರೆದ ಬಾಗಿಲಿನಿಂದ ಅತಿಥಿಯೂ ಬರುತ್ತಾನೆ, ತಪ್ಪಿ ಬಂದವನೂ ಬರುತ್ತಾನೆ.

ಐದನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಜೀವನದ ಮೊದಲನೆಯ ಕವನವನ್ನು ಸಂಚಿಕೆಗೆ ಕೊಟ್ಟಿದ್ದಾಳೆಂದು ಭಾವಿಸಿರಿ. ಕಡತವನ್ನು ಸಿದ್ಧಪಡಿಸಿದವನು ಅವಸರದಲ್ಲಿ ಕವನ ಎಂಬುದಕ್ಕೆ ಕವಾನ ಎಂದು ಬರೆದನು. ಕಟ್ಟುನಿಟ್ಟಾದ ಪದ್ಧತಿಯಿದ್ದಿದ್ದರೆ ಆಂಟ್ ತಕ್ಷಣ ಕೂಗಿಕೊಳ್ಳುತ್ತಿತ್ತು. ಈಗ ಅದು ಕೂಗುವುದಿಲ್ಲ. ಕವಾನ ಎಂಬುದೂ ಒಂದು ಹೊಸ ವಿಭಾಗವಿರಬೇಕೆಂದು ಕಾರ್ಯವು ಅದನ್ನು ಸದ್ದಿಲ್ಲದೆ ಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತದೆ. ಕವನಗಳ ವಿಭಾಗವನ್ನು ಅಚ್ಚಿಗೆ ಅಣಿಗೊಳಿಸುವಾಗ ಕವನ ಎಂಬ ಹೆಸರುಳ್ಳವನ್ನು ಮಾತ್ರ ಆರಿಸಿಕೊಳ್ಳುತ್ತದೆ. ಕೊನೆಯಲ್ಲಿ ನಿರ್ಮಾಣವು ಯಶಸ್ವಿಯಾಯಿತೆಂಬ ಸಂದೇಶವೂ ತೆರೆಯ ಮೇಲೆ ಕಾಣಿಸುತ್ತದೆ. ಸಂಚಿಕೆಯು ಮನೆಗೆ ಬಂದ ದಿನ ಆ ಹುಡುಗಿಯು ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಮಗುಚಿ ನೋಡುತ್ತಾಳೆ. ತಾಯಿಯೂ ಪಕ್ಕದಲ್ಲಿ ಕುಳಿತು ನೋಡುತ್ತಾಳೆ. ಕವನವಿಲ್ಲ. ಯಂತ್ರವು ನಿಂತುಹೋದರೆ ನಷ್ಟವು ಅರ್ಧ ಗಂಟೆ. ಯಂತ್ರವು ಸುಳ್ಳಾಗಿ ಯಶಸ್ಸನ್ನು ಸಾರಿದರೆ ನಷ್ಟವನ್ನು ಅಳೆಯುವುದು ಹೇಗೆ?

ಆದುದರಿಂದ ಹೆಸರರಿಯದ ಅಂಗಕ್ಕೆ ಎಡೆಮಾಡಿಕೊಟ್ಟವನ ಮೇಲೆ ಅದನ್ನು ಪರೀಕ್ಷಿಸುವ ಹೊಣೆಯೂ ಬೀಳುತ್ತದೆ. ಆಂಟ್ ಮಾಡುತ್ತಿದ್ದ ಕಾವಲನ್ನು ನಾವೇ ಬಿಡಿಸಿದ್ದೇವೆ. ಆ ಕಾವಲನ್ನು ನಾವೇ ಮಾಡಬೇಕು. ಇದಕ್ಕೆ ಮೂರು ಉಪಾಯಗಳನ್ನು ಹೇಳಬಹುದು.

ಮೊದಲನೆಯದು, ಹೆಸರುಗಳನ್ನು ಮುಂಚಿತವಾಗಿ ಸಾರಿಸುವುದು. ಜಾವಾ ಕ್ಲಾಸಿನಲ್ಲಿ ಹೆಸರುಗಳನ್ನು ಬಂಧಿಸದೆ, ನಿರ್ಮಾಣದ ಕಡತದಲ್ಲಿಯೇ ಈ ವರ್ಷದ ವಿಭಾಗಗಳು ಇವು ಎಂದು ಬರೆಯಿಸಬೇಕು. ಇದಕ್ಕಾಗಿ ವಿಭಾಗ ಎಂಬ ಒಂದೇ ಒಂದು ಸ್ಥಿರವಾದ ಅಂಗವಿರಲಿ:

<ಸಂಚಿಕೆ ವರ್ಷ="2025">
  <ವಿಭಾಗ ಹೆಸರು="ಕವನ"/>
  <ವಿಭಾಗ ಹೆಸರು="ಒಗಟು"/>
  <ಕವನ ಕಡತ="ಮಳೆಗಾಲ"/>
  <ಒಗಟು ಕಡತ="ಅಜ್ಜಿಯ ಒಗಟುಗಳು"/>
</ಸಂಚಿಕೆ>

ಎಕ್ಸಿಕ್ಯೂಟ್‌ನ ಆರಂಭದಲ್ಲಿ ಬಂದ ಅಂಗಗಳ ಹೆಸರುಗಳನ್ನೆಲ್ಲ ಈ ವಿಭಾಗಗಳೊಡನೆ ಹೋಲಿಸಿ ನೋಡಿ, ಸಾರದೆ ಬಂದ ಹೆಸರಿದ್ದರೆ ಕೆಲಸವನ್ನು ನಿಲ್ಲಿಸಬೇಕು. ಹೊಸ ವಿಭಾಗವು ಬೇಕಾದವರು ಒಂದು ಸಾಲನ್ನು ಹೆಚ್ಚಿಗೆ ಬರೆದರಾಯಿತು. ಕಾರ್ಯವನ್ನು ರಚಿಸಿದವನನ್ನು ದೂರದ ಊರಿನಿಂದ ಕರೆಸಬೇಕಾಗಿಲ್ಲ. ಆಂಟ್ ಕೂಡ ಇದೇ ಮಾರ್ಗವನ್ನು ಹಿಡಿದಿದೆ. 2003ರ ಡಿಸೆಂಬರಿನಲ್ಲಿ ಬಂದ 1.6ನೆಯ ಆವೃತ್ತಿಯಲ್ಲಿರುವ ಮ್ಯಾಕ್ರೋಡೆಫ್, ಸ್ಕ್ರಿಪ್ಟ್‌ಡೆಫ್ ಎಂಬ ಕಾರ್ಯಗಳಿಂದ ಜಾವಾ ಕ್ಲಾಸು ಬರೆಯದೆಯೇ ಹೊಸ ಕಾರ್ಯಗಳನ್ನು ಮಾಡಬಹುದು. ಹಾಗೆ ಮಾಡುವಾಗ ತನಗೆ ಬೇಕಾದ ಒಳಅಂಗಗಳ ಹೆಸರನ್ನು ಬಳಕೆದಾರನೇ ಇಡುತ್ತಾನೆ, ಆದರೆ ಇಟ್ಟ ಹೆಸರನ್ನು ಮೊದಲೇ ಸಾರಬೇಕು. ಸ್ವಾತಂತ್ರ್ಯವೂ ಉಂಟು, ಕಟ್ಟುಪಾಡೂ ಉಂಟು.

ಎರಡನೆಯದು, ನಿಜವಾಗಿ ಈ ಬಾಗಿಲು ಬೇಕೇ ಎಂದು ಯೋಚಿಸುವುದು. ಎಲ್ಲ ವಿಭಾಗಗಳಿಗೂ ಮಾಡುವ ಕೆಲಸ ಒಂದೇ ಆಗಿದ್ದರೆ, ಬರಹ ಎಂಬ ಒಂದೇ ಸ್ಥಿರವಾದ ಅಂಗವನ್ನಿಟ್ಟು, ವಿಭಾಗದ ಹೆಸರನ್ನು ಅದರ ಗುಣವಾಗಿ ಬರೆದರೆ ಸಾಕಾಗಬಹುದು. ಕೊಡಲಿಯಿಂದ ಕಡಿಯಬಹುದಾದ್ದಕ್ಕೆ ಗರಗಸವನ್ನು ಹುಡುಕಬಾರದು. ಹೊಸ ಅಂಗಗಳು ಒಂದೊಂದೂ ಬೇರೆ ಬೇರೆ ಕೆಲಸ ಮಾಡುವಂತಹವಾಗಿದ್ದು, ಅವುಗಳನ್ನು ಬೇರೆಯವರು ಬರೆದುಕೊಡುವುದಾದರೆ, ನೋಂದಾಯಿತ ವಸ್ತುಗಳನ್ನು ಜಾತಿಯಿಂದ ಗುರುತಿಸಿ ಸೇರಿಸಿಕೊಳ್ಳುವ ಮಾರ್ಗವು ಮೇಲು. ಹೆಸರುಗಳನ್ನು ಬಳಕೆದಾರನೇ ಇಡತಕ್ಕದ್ದು, ಅವು ಕಾಲಕ್ರಮದಲ್ಲಿ ಬದಲಾಗತಕ್ಕವು, ಒಂದರೊಳಗೊಂದು ಎಷ್ಟು ಆಳಕ್ಕೆ ಹೋಗುವುದೆಂದು ಹೇಳಲಾಗದು ಎಂಬಂತಹ ಸಂದರ್ಭದಲ್ಲಿ ಮಾತ್ರ ಡೈನಮಿಕ್ ಎಲಿಮೆಂಟ್ ಶೋಭಿಸುತ್ತದೆ.

ಮೂರನೆಯ ಉಪಾಯವು ಕನ್ನಡಿಗರಾದ ನಮಗೆ ವಿಶೇಷವಾಗಿ ಸಂಬಂಧಪಟ್ಟದ್ದು. ಅದನ್ನು ತಿಳಿಯುವ ಮೊದಲು ಇನ್ನೊಂದು ಸಂಗತಿಯನ್ನು ಹೇಳಬೇಕು.

ಕನ್ನಡದ ಹೆಸರುಗಳು

ಮೇಲಿನ ಉದಾಹರಣೆಗಳಲ್ಲಿ ನಾವು ಸಂಚಿಕೆ, ಕವನ, ಒಗಟು ಎಂದು ಕನ್ನಡದಲ್ಲಿ ಬರೆದುದನ್ನು ಕಂಡು, ಇದು ಓದುಗರ ಅನುಕೂಲಕ್ಕಾಗಿ ಮಾಡಿದ ಅನುವಾದವೆಂದು ಕೆಲವರು ತಿಳಿದಿರಬಹುದು. ಹಾಗಲ್ಲ. ಎಕ್ಸ್.ಎಂ.ಎಲ್. ಕ್ರಮದಲ್ಲಿ ಅಂಗಗಳಿಗೂ ಗುಣಗಳಿಗೂ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು. 1998ರ ಮೊದಲನೆಯ ನಿಯಮಾವಳಿಯಲ್ಲಿಯೇ, ಹೆಸರುಗಳಲ್ಲಿ ಬಳಸಬಹುದಾದ ಅಕ್ಷರಗಳ ಪಟ್ಟಿಯಲ್ಲಿ ಕನ್ನಡದ ಸ್ವರ, ವ್ಯಂಜನ, ಗುಣಿತದ ಗುರುತುಗಳು ಸೇರಿವೆ. ಜಾವಾ ಭಾಷೆಯೂ ತನ್ನ ಮೆಥಡ್‌ಗಳ ಹೆಸರಿನಲ್ಲಿ ಕನ್ನಡದ ಅಕ್ಷರಗಳನ್ನು ಒಪ್ಪುತ್ತದೆ. ಕಡತವನ್ನು ಯೂನಿಕೋಡ್ ಸಂಕೇತದಲ್ಲಿ ಉಳಿಸಿದ್ದರೆ ಸಾಕು.

ಆದರೆ ಇಲ್ಲೊಂದು ಸೂಕ್ಷ್ಮವುಂಟು. ಸಂಚಿಕೆಯಲ್ಲಿ ದಾನಿಗಳ ಹೆಸರುಗಳನ್ನು ಅಚ್ಚುಮಾಡಲು ಕೊಡುಗೆ ಎಂಬ ಅಂಗವನ್ನು ಇಟ್ಟಿರೆನ್ನೋಣ. ಕೊ ಎಂಬ ಅಕ್ಷರದ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು; ಎಕಾರದ ಗುರುತು, ಊಕಾರದ ಗುರುತು ಎಂಬ ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ನಿಯಮಾವಳಿಯ ಪ್ರಕಾರ ಎರಡೂ ಸಮಾನ. ಆದರೆ ಅಕ್ಷರಕ್ಕೆ ಅಕ್ಷರವನ್ನು ಹೋಲಿಸುವ ಪ್ರೋಗ್ರಾಮಿಗೆ ಅವು ಬೇರೆ ಬೇರೆ ಹೆಸರುಗಳು. ಹಿಂದೆ ಮೇಕ್‌ನಲ್ಲಿ ಟ್ಯಾಬ್‌ಗೂ ತೆರವಿಗೂ ಇದ್ದ ಹಳೆಯ ಜಗಳವೇ ಹೊಸ ವೇಷದಲ್ಲಿ ಬಂದಂತಾಯಿತು. ಆದುದರಿಂದ ಹೆಸರುಗಳನ್ನು ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಈ ಕೆಲಸವನ್ನು ಮಾಡುವ ನಾರ್ಮಲೈಸರ್ ಎಂಬ ಕ್ಲಾಸು 2006ರಲ್ಲಿ ಬಂದ ಜಾವಾದ 6ನೆಯ ಆವೃತ್ತಿಯಿಂದ ಎಲ್ಲರಿಗೂ ದೊರೆಯುತ್ತದೆ. ಇದೇ ನಾವು ಹೇಳಬೇಕೆಂದಿದ್ದ ಮೂರನೆಯ ಉಪಾಯ. ಕನ್ನಡವನ್ನು ಬಲ್ಲ ಪ್ರೋಗ್ರಾಮುಗಾರನಿಗೆ ಹೊಳೆಯುವ ಈ ವಿಷಯವು, ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಮಾತ್ರ ಕಂಡವನಿಗೆ ಸುಲಭವಾಗಿ ಹೊಳೆಯದು.

ಪೋಷಕರಿಗೆ ಒಂದು ಮಾತು

ಕನ್ನಡ ಮಾಧ್ಯಮದಲ್ಲಿ ಕಲಿತ ಮಗುವಿಗೆ ಗಣಕಯಂತ್ರದ ವಿದ್ಯೆ ದೂರವಾಗುವುದಿಲ್ಲವೇ ಎಂದು ಪೋಷಕರು ಆಗಾಗ ಕೇಳುವುದುಂಟು. ಗಡಿನಾಡಿನಲ್ಲಿ ಈ ಪ್ರಶ್ನೆಯು ಇನ್ನೂ ಭಾರವಾದುದು. ಮನೆಯಲ್ಲಿ ತುಳುವೋ ಕೊಂಕಣಿಯೋ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಮುಂದಿನ ಓದಿಗೆ ಇಂಗ್ಲಿಷ್ ಎಂದು ನಮ್ಮ ಮಕ್ಕಳು ನಾಲ್ಕು ನುಡಿಗಳ ನಡುವೆ ಬೆಳೆಯುತ್ತಾರೆ. ನಾವು ಇದಕ್ಕೆ ಸುಳ್ಳು ಸಮಾಧಾನವನ್ನು ಹೇಳುವುದಿಲ್ಲ. ಆಂಟ್‌ನ ಸ್ವಂತ ಶಬ್ದಗಳೆಲ್ಲ ಇಂಗ್ಲಿಷಿನವು. ಅದರ ಕೈಪಿಡಿಯನ್ನು ಓದಬೇಕಾದರೆ ಇಂಗ್ಲಿಷ್ ಬೇಕು. ಆದುದರಿಂದ ಅದನ್ನು ಶ್ರದ್ಧೆಯಿಂದ ಕಲಿಯಲೇಬೇಕು.

ಆದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಯಾವುದರ ಒಳಗೆ, ಯಾವುದಕ್ಕೆ ಬಾಗಿಲು ತೆರೆಯಬೇಕು, ಯಾವುದನ್ನು ಪರೀಕ್ಷಿಸಬೇಕು ಎಂಬ ವಿಚಾರಶಕ್ತಿಯೇ ಈ ವಿದ್ಯೆಯ ತಿರುಳು. ಅದು ಯಾವ ನುಡಿಯಲ್ಲಿ ಚೆನ್ನಾಗಿ ಅರಳುವುದೋ ಆ ನುಡಿಯಲ್ಲಿ ಅರಳಲಿ. ಸ್ಥಿರವಾದ ಕಾಲಮುಗಳನ್ನು ಇಂಗ್ಲಿಷಿನವರು ಅಚ್ಚುಮಾಡಿಸಿರಬಹುದು. ಆದರೆ ಅದೇ ಪುಸ್ತಕದಲ್ಲಿ ನಮ್ಮ ಹೆಸರುಗಳನ್ನು ಬರೆಯುವುದಕ್ಕೂ ಅವರು ಸ್ಥಳವನ್ನು ಬಿಟ್ಟಿದ್ದಾರೆ. ಆ ಸ್ಥಳವನ್ನು ತುಂಬುವುದೂ, ತುಂಬಿದುದು ಸರಿಯಾಗಿದೆಯೇ ಎಂದು ನೋಡುವುದೂ ನಮ್ಮ ಕೆಲಸ.

ಪ್ರಿಯ ವಿದ್ಯಾರ್ಥಿಗಳೇ, ಆಂಟ್ ಎಲ್ಲರಿಗೂ ಬೆಲೆಯಿಲ್ಲದೆ ದೊರೆಯುವ ಸಾಧನ. ಶಾಲೆಯ ಗಣಕಯಂತ್ರದಲ್ಲಿ ಬಿಡುವಿನ ವೇಳೆಯಲ್ಲಿ ಅದನ್ನು ಪರೀಕ್ಷಿಸಿ ನೋಡಿರಿ. ಮೊದಲು ಹೆಸರು ಗೊತ್ತಿರುವ ಒಂದು ಅಂಗವನ್ನು ಸ್ವೀಕರಿಸುವ ಕಾರ್ಯವನ್ನು ಬರೆಯಿರಿ. ಅನಂತರ ಹೆಸರರಿಯದ ಅಂಗಕ್ಕೆ ಬಾಗಿಲನ್ನು ತೆರೆಯಿರಿ. ಆಮೇಲೆ ಬೇಕೆಂದೇ ಒಂದು ಹೆಸರನ್ನು ತಪ್ಪಾಗಿ ಬರೆದು, ನಿಮ್ಮ ಕಾರ್ಯವು ಅದನ್ನು ಹಿಡಿಯುವುದೋ ಇಲ್ಲವೋ ನೋಡಿರಿ. ಹಿಡಿಯಿತಾದರೆ ನೀವು ಒಳ್ಳೆಯ ಯಜಮಾನರು. ಬಂದವರಿಗೆಲ್ಲ ಎಲೆ ಹಾಕಿಸಿ, ಯಾರ ಎಲೆಯೂ ಬರಿದಾಗಿ ಉಳಿಯದಂತೆ ಪಂಕ್ತಿಯ ಕೊನೆಯವರೆಗೆ ನಡೆದು ನೋಡಿದವರು.